ಚಳಿಗೆ ಹೊದಿಸೋ ಕೌದಿ

ಇಪ್ಪತ್ತೆರಡು ವರ್ಷ ಗಿರಣಿಯಾಗ ಎಳಿ ನೋಡಿದ ಕಣ್ಣು ಇವು.
ಗಿರಣಿ ಬಾಗಿಲು ಹಾಕಿದ ಮ್ಯಾಲೆ
ಹರಿಹರ ರಸ್ತೆ ಶೆಡ್ಡಿಗೆ ಕರೆದು ಕೇಳಿದ್ರು:
ಕೌದಿ ಹೊಲಿಯೋಕೆ ಬರುತ್ತೇನಮ್ಮ?
ನಕ್ಕೆ. ದಾವಣಗೆರಿ ಹೆಣ್ಣಿಗೆ ಕೇಳೋ ಮಾತಾ ಅದು.
ಯಾರಿಗೆ ಹೊದಿಸಾಕ ಸಾರ್, ಕೂಸಿಗಾ, ಬಾಣಂತಿಗಾ?
ಚಳಿಗೆ, ಅಂದ್ರು.

ಚಳಿ ಆದೋರಿಗಲ್ಲ. ಚಳಿಗೆ.

ಒಳಗ ಹೋಗಾಕ ಮದಲು ಬಳಿ ಬಿಚ್ಚಿಟ್ಟೆ,
ತಲಿಗೆ ಟೊಪಿಗಿ, ಕೈಗೆ ಬಿಳೀ ಗವಸು.
ನನ್ನ ಬೆವರಿನ ಒಂದು ಬೆರಳಚ್ಚು ಬಿದ್ರೂ
ಗಾಳಿ ಹೀರಿ ತೆಗೆದ ಕೊಳವಿಯೊಳಗ
ಅದು ತಿಂಗಳಾನುಗಟ್ಲೆ ಉಸಿರು ಬಿಡ್ತತಂತೆ.
ಬೆಳ್ಳಿ ಬಣ್ಣದ ಹಾಳಿ, ಉಸಿರಿಗೇ ಹಾರೋವಂಥದು,
ನಡುವೆ ಮದುಮಗಳ ಮುಸುಕಿನಂಥ ಜಾಳಿಗಿ,
ಮತ್ತೆ ಹಾಳಿ, ಮತ್ತೆ ಜಾಳಿಗಿ, ಮೂವತ್ತು ಪದರ.

ಮದಲ ದಿನ ಅವ್ವ ಕಲಿಸಿದಂಗೆ ಹೊಲಿದೆ,
ಇರುವಿ ಸಾಲಿನಂಗೆ ಒತ್ತೊತ್ತು, ಬಿಗಿಯಾಗಿ.
ತಬಸ್ಸುಮ್ ಮೇಡಂ ಪೂರಾ ಬಿಚ್ಚಿಸಿದ್ರು.
ಪದರಕ್ಕೆ ಪದರ ಒತ್ತಬಾರ್ದು ಕೊಟ್ರಮ್ಮ,
ಒತ್ತಿದಲ್ಲೇ ಬಿಸಿ ದಾಟೋದು.
ಜತಿಗಿರಬೇಕು, ತಾಗಿರಬಾರ್ದು.
ನಮ್ಮ ಓಣಿಯಾಗ ಹಂಗೆ ಬಾಳಿದೋರು ಅದಾರೆ,
ನಾನು ಹೆಸರು ಹೇಳಲ್ಲ.

ಎಲ್ಲಿಗೆ ಹೋಗ್ತತಿ ಇದು?
ಸಮುದ್ರದಾಚೆ ನೆಲದ ಕೆಳಗ ಒಂದು ಸುರಂಗ,
ದಾವಣಗೆರಿಯಿಂದ ಹರಿಹರಕ್ಕೆ ಹೋಗಿ
ವಾಪಸ್ ಬಂದಷ್ಟು ಉದ್ದದ ಬಳಿ.
ಅದರಾಗ ಕಣ ಓಡ್ತಾವು, ಕಣ್ಣಿಗೆ ಕಾಣದಂಥವು.
ನೆಟ್ಟಗೇ ಹೋಗೋ ಹಟ ಅವಕ್ಕೆ.
ಬಗ್ಗಿಸಾಕ ಅಯಸ್ಕಾಂತ, ಅಯಸ್ಕಾಂತಕ್ಕೆ ಕರೆಂಟು,
ಅಷ್ಟು ಕರೆಂಟು ಹರಿದ್ರೆ ಎಂಥಾ ತಂತಿನೂ ಕಾಯ್ದು ಕರಗ್ತತಿ.
ಮಿತಿ ಮೀರಿದ ಚಳಿಯಾಗ ಮಾತ್ರ
ಒಂದು ಜಾತಿ ತಂತಿ ದಣಿವು ಮರೀತತಿ,
ಹೊತ್ತದ್ದು ಭಾರ ಅನ್ನೋದೇ ಅದಕ್ಕ ತಿಳಿಯಲ್ಲ.

ಎಷ್ಟು ಚಳಿ?
ಚಾ ಕುಡಿಯಾಗ ಮೇಡಂ ಮಣ್ಣಿನ ಮ್ಯಾಲೆ ಕಡ್ಡೀಲಿ ಬರೆದ್ರು:
ಸೊನ್ನಿಗಿಂತ ಕೆಳಗ ಇನ್ನೂರಾ ಎಪ್ಪತ್ತೊಂದು.
ಚುಕ್ಕಿ ಚುಕ್ಕಿ ನಡುವಿನ ಕತ್ತಲಾಗೂ ಇಷ್ಟಿಲ್ಲಂತೆ.
ಕೆಳಗ ಇನ್ನೆರಡು ಮೆಟ್ಲು. ಆಮ್ಯಾಲೆ ಇಳಿಯಾಕ ಜಾಗಿಲ್ಲ.

ಮನಿಗೆ ಬಂದ್ರೆ ಗ್ವಾಡಿ ಆಚಿಗೆ ಮಂಡಕ್ಕಿ ಭಟ್ಟಿ.
ನಮ್ಮನಿಯೋರು ಕಾದ ಉಸುಕಿಗೆ ಅಕ್ಕಿ ಸುರಿದ್ರೆ
ಪಟಪಟ ಸಿಡಿದು
ಒಳಗಿದ್ದದ್ದು ಬೆಳ್ಳಗ ಹೊರಗ ಬರ್ತತಿ.
ಅಲ್ಲೂ ಹಂಗೆ: ಕಣಕ್ಕೆ ಕಣ ಎದುರುಬದುರು ಡಿಕ್ಕಿ,
ಜಗತ್ತು ಹುಟ್ಟಿದ ಹೊತ್ತಿನ ಬಿಸಿ ರೆಪ್ಪಿ ಬಡಿಯೋದ್ರಾಗ,
ಅಷ್ಟು ದೂರದಾಗೇ ನನ್ನ ಕೌದಿ ಹೊದ್ದ ಚಳಿ.
ಭಟ್ಟಿ ಬಾಯಾಗ ಐಸು ಕಾಯ್ದಂಗಾತು ಅಂದೆ.
ಮೇಡಂ ಸುಮ್ಮನೆ ನೋಡಿ
ಇನ್ನೊಂದು ಚಾ ಹೇಳಿದ್ರು.

ನೂರಾ ಹದಿನೇಳನೇ ಕೌದಿ ಪಾಸಾಗಲಿಲ್ಲ.
ದೀಪಕ್ಕೆ ಹಿಡಿದ್ರು: ಅಂಚಿನಾಗ ಒಂದು ಕೂದಲು,
ಅರ್ಧ ಕರೀದು, ಅರ್ಧ ಬಿಳೀದು.
ಯಾರದು ಅಂತ ಯಾರೂ ಕೇಳಲಿಲ್ಲ.
ತಗೊಂಡು ಹೋಗಮ್ಮ, ಮೂಲ್ಯಾಗ ಬಿದ್ದಿರ್ತತಿ ಅಂದ ಸ್ಟೋರಿನ ಹುಡುಗ.

ಮೈದುನ ಅಂಜಿನಪ್ಪ ಗಡಿಯಾರ ಕಂಬದ ಹತ್ರ
ಐಸ್ ಗೋಲಾ ಗಾಡಿ ನಿಲ್ಲಿಸ್ತಾನೆ.
ಅವನ ಹಸೀ ಗೋಣಿತಾಟು ತೆಗೆಸಿ ಇದನ್ನ ಹೊದಿಸಿದೆ.
ಗಾಳಿ ಇದ್ದಲ್ಲಿ ಇದಕ್ಕ ಕಾಲು ಪಾಲು ಬಲವೂ ಇಲ್ಲ, ಗೊತ್ತೈತಿ.
ಆದ್ರೂ ಮೇ ತಿಂಗಳ ಬಿಸಲಿನಾಗ
ಸಂಜಿ ಏಳಕ್ಕೆ ಗೇಣುದ್ದ ಐಸು ಉಳಿದಿತ್ತು.

ಒಂದು ಕೂಸು ಬಂದು ತುದಿ ಎತ್ತಿ ಇಣುಕಿ ಕೇಳ್ತು,
ಒಳಗ ಯಾರು ಮಲಗ್ಯಾರೆ?

ಮುಚ್ಚು ಮುಚ್ಚು, ಅಂದ ಅಂಜಿನಪ್ಪ,
ಬಿಸಿ ಹೋಗ್ತತಿ ಒಳಗ.